ಮೈಕ್ ಇಲ್ದೆ ಬಾಲ್ಕನಿ ತನಕ ಬಂದ ದನಿ

ನಿನ್ನೆ ಸಂಜೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಿಂಫನಿ ಆರ್ಕೆಸ್ಟ್ರಾ ಕೇಳೋಕೆ ಹೋಗಿದ್ದೆ, ಜೊತೆಗೆ ಒಬ್ರು ಸೋಪ್ರಾನೋ (ಹೆಂಗಸರ ತುಂಬಾ ಎತ್ತರದ ದನಿ) ಗಾಯಕಿ ಹಾಡೋರಿದ್ರು. ಮೊದಲರ್ಧ ಜರ್ಮನ್ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಹಾಡುಗಳು’, ಬ್ರೇಕ್ ಆದ್ಮೇಲೆ ಇನ್ನೊಬ್ಬ ಜರ್ಮನ್ ರಚನೆಕಾರ ಬ್ರಾಮ್ಸ್‌ನ ನಾಲ್ಕನೇ ಸಿಂಫನಿ, ಅಂದ್ರೆ ಆರ್ಕೆಸ್ಟ್ರಾಗೆ ಬರೆದ ನಾಲ್ಕು ಭಾಗದ ದೊಡ್ಡ ಕೃತಿ. ನಿಜ ಹೇಳ್ಬೇಕಂದ್ರೆ ನಾನು ಟಿಕೆಟ್ ತಗೊಂಡಿದ್ದೇ ಆ ನಾಲ್ಕು ಹಾಡಿಗೋಸ್ಕರ.

ಸೀಟ್ ವಿಷಯ ಮೊದ್ಲು ಹೇಳ್ಬಿಡ್ತೀನಿ, ತುಂಬಾ ಜನ ಇಲ್ಲೇ ತಪ್ಪು ಮಾಡೋದು. ಸ್ಟೇಜ್‌ಗೆ ತೀರಾ ಹತ್ರ ಕೂತ್ರೆ ಬರೀ ವಯಲಿನ್‌ನೋರು ಕಾಣ್ತಾರೆ, ಹಿಂದೆ ಕೂತು ಊದೋರು ಯಾರೂ ಕಾಣಲ್ಲ. ನಾನು ಬಾಲ್ಕನಿ ಮುಂದಿನ ಸಾಲಲ್ಲಿದ್ದೆ, ಓಬೋ ಅನ್ನೋ ಊದೋ ವಾದ್ಯ ಒಂದೇ ಸ್ವರ ಹಿಡಿದು ಮಿಕ್ಕೋರೆಲ್ಲ ಅದಕ್ಕೆ ಶ್ರುತಿ ಮಾಡ್ಕೊಳ್ಳೋದ್ರಿಂದ ಹಿಡಿದು ಎಲ್ಲಾ ಕಾಣ್ತಿತ್ತು.

ಗಾಯಕಿ ಬಗ್ಗೆ ಏನು ಹೇಳ್ಲಿ! ಮೈಕ್ ಇಲ್ಲ, ಹಿಂದೆ ಅಷ್ಟು ದೊಡ್ಡ ಆರ್ಕೆಸ್ಟ್ರಾ, ಆದ್ರೂ ಮೆಲ್ಲಗೆ ಹಾಡಿದ ಸಾಲು ಕೂಡ ಪಕ್ಕದಲ್ಲೇ ಕೂತು ಹಾಡಿದ ಹಾಗೆ ಬಂತು. ಎಲ್ಲೂ ಕಿರುಚಿಲ್ಲ, ಅದೇ ನಂಗೆ ತುಂಬಾ ಹಿಡಿಸಿದ್ದು. ಮೂರನೇ ಹಾಡಲ್ಲಿ ಮಧ್ಯೆ ಕನ್ಸರ್ಟ್‌ಮಾಸ್ಟರ್, ಅಂದ್ರೆ ವಯಲಿನ್‌ನೋರ ಮುಖ್ಯಸ್ಥರು, ಒಬ್ರೇ ವಯಲಿನ್ ನುಡಿಸೋ ಜಾಗ ಇದೆ, ಆಗ ಇವ್ರು ಸಭಿಕರ ಕಡೆ ನೋಡ್ಲಿಲ್ಲ, ಅರ್ಧ ತಿರುಗಿ ಆ ವಯಲಿನ್ ಕಡೆಗೇ ನೋಡ್ತಾ ನಿಂತ್ರು, ಭುಜ ಏರಿಳಿಯೋದು ಕಾಣ್ತಿತ್ತು, ಆಮೇಲೆ ಅದೇ ರಾಗಾನ ತಾವು ಎತ್ಕೊಂಡ್ರು ನೋಡಿ, ವಯಲಿನ್ ಎಲ್ಲಿ ಬಿಡ್ತು ದನಿ ಎಲ್ಲಿ ಹಿಡೀತು ಅಂತ ಗೊತ್ತೇ ಆಗ್ಲಿಲ್ಲ.

ಎರಡನೇ ಹಾಡಿನ ಕೊನೇಲಿ ದನಿ ನಿಂತ್ಮೇಲೆ ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆ ಊದೋ ವಾದ್ಯ) ಒಂಟಿಯಾಗಿ ಬರುತ್ತೆ. ಸ್ಟ್ರಾಸ್‌ನ ಅಪ್ಪ ಹಾರ್ನ್ ವಾದಕ, ಹೆಂಡತಿ ಸೋಪ್ರಾನೋ, ಇದನ್ನ ಬರೆದಾಗ 1948, ಅವನಿಗೆ 84 ವರ್ಷ. ಮರುವರ್ಷ ತೀರ್ಕೊಂಡ, ಈ ಹಾಡುಗಳನ್ನ ಮೊದಲ ಸಲ ಸಭೇಲಿ ಹಾಡಿದ್ದು 1950ರಲ್ಲಿ, ಅಂದ್ರೆ ಅವನು ಕೇಳ್ಲೇ ಇಲ್ಲ. ಇದು ತಲೇಲಿದ್ರೆ ಆ ಹಾರ್ನ್ ಬೇರೇನೇ ಕೇಳ್ಸುತ್ತೆ. ಆದ್ರೆ ನಿನ್ನೆ ಅದು ಪೂರ್ತಿ ಕೇಳೋಕೆ ಬಿಡ್ಲಿಲ್ಲ, ಆರ್ಕೆಸ್ಟ್ರಾ ನಡೆಸೋ ಕಂಡಕ್ಟರ್ ಕೈ ಇನ್ನೂ ಮೇಲೇ ಇತ್ತು, ಕೆಳಗಡೆ ಚಪ್ಪಾಳೆ ಶುರು. ದಯವಿಟ್ಟು ಆ ಕೈ ಇಳಿಯೋ ತನಕ ಕಾಯಿರಿ, ಸ್ವರ ಆರೋದೂ ಸಂಗೀತಾನೇ.

ಇನ್ನೊಂದು ಬೇಜಾರು ಹಾಲ್‌ನೋರ ಮೇಲೆ. ಜರ್ಮನ್ ಹಾಡುಗಳ ಅರ್ಥ ಚೆನ್ನಾಗಿ ಪ್ರಿಂಟ್ ಹಾಕ್ಸಿ ಕೈಗೆ ಕೊಟ್ರು, ಶುರು ಆಗ್ತಿದ್ದಂಗೆ ಲೈಟ್ ಪೂರ್ತಿ ಆರಿಸಿದ್ರು. ಕೊನೇ ಹಾಡಲ್ಲಿ ಇಬ್ರು ವಯಸ್ಸಾದೋರು ನಡೆದು ಸುಸ್ತಾಗಿ ಸಂಜೆ ಬೆಳಕು ನೋಡ್ತಾ ನಿಲ್ತಾರೆ, ಎರಡು ಬಾನಾಡಿ ಮೇಲೇರುತ್ವೆ, ಆಮೇಲೆ ಇದೇ ಸಾವಾ ಅಂತ ಒಂದು ಪ್ರಶ್ನೆ ಬರುತ್ತೆ. ಅಷ್ಟೂ ಅರ್ಥ ಆಗದೆ ಕೂತೋರು ಎಷ್ಟು ಕಳ್ಕೊಂಡ್ರು! ಸ್ವಲ್ಪ ಬೆಳಕು ಬಿಟ್ಟಿದ್ರೆ ಏನಾಗ್ತಿತ್ತು. ಹಾಡು ಮುಗಿದ್ಮೇಲೂ ಫ್ಲೂಟ್‌ಗಳು ಆ ಹಕ್ಕಿಗಳ ಥರ ಕಂಪಿಸ್ತಾ ಇರ್ತಾವೆ, ಗಾಯಕಿ ಅಲ್ಲೇ ನಿಂತಿದ್ರು, ಆಗ ಮಾತ್ರ ಯಾರೂ ಚಪ್ಪಾಳೆ ಹೊಡೀಲಿಲ್ಲ.

ಬ್ರಾಮ್ಸ್ ಚೆನ್ನಾಗಿತ್ತು, ಎರಡನೇ ಭಾಗ ಸ್ವಲ್ಪ ಎಳೆದ್ರು ಅನ್ನಿಸ್ತು. ಟ್ರೊಂಬೋನ್ (ಉದ್ದನೆ ಹಿತ್ತಾಳೆ ಊದೋ ವಾದ್ಯ) ನುಡಿಸೋರು ಮೂರು ಭಾಗ ಸುಮ್ನೆ ಕೂತಿದ್ದು ಕೊನೇ ಭಾಗದಲ್ಲಿ ಎದ್ದು ಬಂದಂಗೆ ಊದಿದಾಗ ಮೈ ಜುಮ್ ಅಂತು. 1885ರಲ್ಲಿ ಈ ಸಿಂಫನಿ ಮೊದಲು ನುಡಿಸಿದ ಜರ್ಮನಿಯ ಮೈನಿಂಗನ್ ಊರಿನ ಆರ್ಕೆಸ್ಟ್ರಾದಲ್ಲಿ ಆಗ 21 ವರ್ಷದ ಸ್ಟ್ರಾಸ್ ಸಹಾಯಕ ಕಂಡಕ್ಟರ್ ಆಗಿದ್ದ, ಹಂಗಾಗಿ ಎರಡನ್ನೂ ಒಂದೇ ಸಂಜೆ ಇಟ್ಟಿದ್ದು ಒಳ್ಳೇ ಆಯ್ಕೆ.

ಈ ಗಾಯಕಿ ಮತ್ತೆ ಹಾಡೋದಿದ್ರೆ ಅದೇ ಬಾಲ್ಕನಿ ಸಾಲು ಬುಕ್ ಮಾಡ್ತೀನಿ, ಹಾಡಿನ ಅರ್ಥ ಮನೇಲೇ ಓದ್ಕೊಂಡು ಹೋಗ್ತೀನಿ.