ವಿಧೇಯತೆಯನ್ನೇ ಒಗಟಾಗಿಸಿದ ಆಟ: 'ದಿ ಟ್ಯಾಲೋಸ್ ಪ್ರಿನ್ಸಿಪಲ್'

ಕ್ರೊಯೇಷಿಯಾದ ಝಾಗ್ರೆಬ್ ನಗರದ ಕ್ರೋಟೀಮ್ ಸಂಸ್ಥೆ ಹೆಸರು ಮಾಡಿದ್ದು 'ಸೀರಿಯಸ್ ಸ್ಯಾಮ್' ಸರಣಿಯ ಶೂಟಿಂಗ್ ವಿಡಿಯೊ ಆಟಗಳಿಂದ. ಅದೇ ಸರಣಿಯ ಮುಂದಿನ ಆಟಕ್ಕೆಂದು, ದಾರಿಗೆ ಅಡ್ಡವಾದ ತಡೆಗಳನ್ನು ಅಳಿಸುವ ಜಾಮರ್ ಎಂಬ ಉಪಕರಣವನ್ನು ರೂಪಿಸುತ್ತಿದ್ದಾಗ, ಅದರಿಂದ ಹುಟ್ಟುವ ಒಗಟುಗಳು ಒಂದು ಪ್ರತ್ಯೇಕ ಆಟಕ್ಕೇ ಸಾಲುವಷ್ಟಿವೆ ಎಂಬುದು ಅಲ್ಲಿನ ವಿನ್ಯಾಸಕಾರರಿಗೆ ಹೊಳೆಯಿತು. ಹಾಗೆ ಕವಲೊಡೆದು 2014ರ ಡಿಸೆಂಬರ್‌ನಲ್ಲಿ ಹೊರಬಂದದ್ದು 'ದಿ ಟ್ಯಾಲೋಸ್ ಪ್ರಿನ್ಸಿಪಲ್'. ಟಾಮ್ ಜುಬರ್ಟ್ ಮತ್ತು ಯೋನಾಸ್ ಕಿರಾಟ್ಸೆಸ್ ಇದರ ಬರವಣಿಗೆಯನ್ನು ನಿರ್ವಹಿಸಿದ್ದಾರೆ. ಸಂಗೀತ ದಾಮ್ಯಾನ್ ಮ್ರಾವುನಾಟ್ಸ್ ಅವರದು. ತತ್ತ್ವಶಾಸ್ತ್ರದ ಹೆಸರು ಹೇಳಿಕೊಂಡು ಬಂದ ಆಟಗಳು ಹಲವಿದ್ದರೂ, ಆಡುವ ಕ್ರಿಯೆಯೇ ಒಂದು ತಾತ್ತ್ವಿಕ ಪ್ರಶ್ನೆಯಾಗಿ ಬೆಳೆಯುವುದನ್ನು ನಾನು ಇಷ್ಟು ಸ್ಪಷ್ಟವಾಗಿ ಕಂಡದ್ದು ಇದರಲ್ಲಿಯೇ.

ಆಟ ತೆರೆದುಕೊಳ್ಳುವುದು ಬಿಸಿಲು ತುಂಬಿದ ಪಾಳುಬಿದ್ದ ಒಂದು ತೋಟದಲ್ಲಿ. ಕಣ್ಣಿಗೆ ಅಡ್ಡವಾಗಿ ಎತ್ತಿದ ಕೈ ಲೋಹದ್ದು; ಇಲ್ಲಿ ನಾವೊಂದು ಯಂತ್ರಮಾನವ. ಎಲೋಹಿಮ್ ಎಂದು ತನ್ನನ್ನು ಕರೆದುಕೊಳ್ಳುವ ಗಂಭೀರವಾದ ಧ್ವನಿಯೊಂದು ಆಕಾಶದಿಂದ ಮಾತನಾಡಿ, ಈ ಲೋಕವೆಲ್ಲ ನಿನಗಾಗಿ ಸೃಷ್ಟಿಯಾದದ್ದು, ಇಲ್ಲಿ ಎಲ್ಲಿ ಬೇಕಾದರೂ ಓಡಾಡು, ಆದರೆ ನಡುವೆ ನಿಂತಿರುವ ಆ ಗೋಪುರವನ್ನು ಮಾತ್ರ ಹತ್ತಬೇಡ ಎಂದು ಹೇಳುತ್ತದೆ. ಬೈಬಲಿನ ಏದೆನ್ ತೋಟದ ನಿಷಿದ್ಧ ಹಣ್ಣಿನ ಕಥೆಯನ್ನು ಬಲ್ಲವರಿಗೆ ಈ ನಿಷೇಧ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಆ ಕ್ಷಣವೇ ತಿಳಿಯುತ್ತದೆ. ಆದರೂ ಆಟದ ಸ್ವಾರಸ್ಯ ಕುಂದುವುದಿಲ್ಲ. ಏಕೆಂದರೆ ಗೋಪುರವನ್ನು ಹತ್ತುವುದೋ ಬಿಡುವುದೋ ಎಂಬ ತೀರ್ಮಾನಕ್ಕೆ ಬರುವ ಹೊತ್ತಿಗೆ ಆಟಗಾರನು ಆ ಧ್ವನಿಯ ಮಾತನ್ನು ಕೇಳಿ ಕೇಳಿ ಬಹುದೂರ ಬಂದಿರುತ್ತಾನೆ.

ರೋಮನ್ ಅವಶೇಷಗಳು, ಈಜಿಪ್ಟಿನ ಮರಳು, ಮಧ್ಯಯುಗದ ಕೋಟೆಗಳು ಹೀಗೆ ಮೂರು ಬಗೆಯ ನೆಲದಲ್ಲಿ 120ಕ್ಕೂ ಹೆಚ್ಚು ಒಗಟುಗಳು ಹರಡಿಕೊಂಡಿವೆ. ಪ್ರತಿಯೊಂದೂ ಗೋಡೆಗಳ ನಡುವಿನ ಒಂದು ಅಂಗಳ; ಅದರ ಕೊನೆಯಲ್ಲಿ ಬಣ್ಣದ ತುಂಡೊಂದು ಕಾದಿರುತ್ತದೆ. ಈ ತುಂಡುಗಳನ್ನು ಚೌಕಟ್ಟಿನಲ್ಲಿ ಸರಿಯಾಗಿ ಹೊಂದಿಸಿದರೆ ಹೊಸ ಬಾಗಿಲೋ ಹೊಸ ಉಪಕರಣವೋ ದೊರೆಯುತ್ತದೆ. ವಿವರಣೆ ಸರಳವಾಗಿದ್ದರೂ ಅಂಗಳದೊಳಗೆ ನಿಂತಾಗ ಸ್ಥಿತಿ ಬೇರೆ. ಆರಂಭದ ಹಂತದ ಒಂದು ತಂತ್ರವನ್ನೇ ನೋಡಿ. ಜಾಮರನ್ನು ಬಾಗಿಲಿನಂತೆ ಅಡ್ಡ ನಿಂತ ಶಕ್ತಿಯ ತೆರೆಯ ಕಡೆ ತಿರುಗಿಸಿ ನೆಲದ ಮೇಲಿಟ್ಟರೆ ಆ ತೆರೆ ಅಳಿದು ದಾರಿಯಾಗುತ್ತದೆ, ಎತ್ತಿಕೊಂಡ ಕೂಡಲೇ ಮತ್ತೆ ಮುಚ್ಚಿಕೊಳ್ಳುತ್ತದೆ. ನಮಗೆ ಸಿಗುವುದು ಎರಡೇ ಜಾಮರ್; ಒಳಗೆ ಇನ್ನೂ ಎರಡು ಅಡ್ಡಿಗಳಿರುವುದರಿಂದ ಎರಡೂ ಒಳಗೆ ಬೇಕು, ಆದರೆ ಒಂದು ಹೊರಗೆ ನಿಂತು ಬಾಗಿಲು ಕಾಯಬೇಕು. ಬಹಳ ಹೊತ್ತು ಇದು ಅಸಾಧ್ಯವೆಂದೇ ತೋರುತ್ತದೆ. ಎರಡನೆಯದನ್ನು ಒಳಗೆ ಕೊಂಡೊಯ್ದು, ಒಳಗಿನಿಂದಲೇ ಅದೇ ಬಾಗಿಲಿನ ಕಡೆ ತಿರುಗಿಸಿಟ್ಟು, ಹೊರಗೆ ಬಂದು ಮೊದಲನೆಯದನ್ನು ಎತ್ತಿಕೊಂಡು ಒಳಹೋಗಬಹುದು ಎಂದು ಹೊಳೆದಾಗ, ಬಾಗಿಲನ್ನು ಹೊರಗಿನಿಂದಲೇ ತೆರೆಯಬೇಕು ಎಂದು ನಮಗೆ ಯಾರೂ ಹೇಳಿರಲಿಲ್ಲ ಎಂಬುದೂ ಹೊಳೆಯುತ್ತದೆ. ಇಲ್ಲದ ನಿಯಮಗಳನ್ನು ನಾವೇ ಹೇರಿಕೊಂಡು ಪಾಲಿಸುತ್ತಿರುತ್ತೇವೆ. ಆಟದ ಉತ್ತಮ ಒಗಟುಗಳೆಲ್ಲ ಈ ಅಭ್ಯಾಸವನ್ನೇ ಗುರಿಯಾಗಿಸಿಕೊಂಡಿವೆ.

ಮುಂದೆ ಬೆಳಕಿನ ಕಿರಣಗಳನ್ನು ದಾಟಿಸುವ ಕನೆಕ್ಟರ್, ಪೆಟ್ಟಿಗೆ, ಫ್ಯಾನ್ ಎಲ್ಲವೂ ಸೇರಿಕೊಳ್ಳುತ್ತವೆ. ಕೆಂಪು ಮತ್ತು ನೀಲಿ ಕಿರಣಗಳು ಒಂದನ್ನೊಂದು ಅಡ್ಡಹಾಯ್ದರೆ ಎರಡೂ ಅಲ್ಲಿಗೇ ನಿಲ್ಲುತ್ತವೆ ಎಂಬ ಒಂದೇ ನಿಯಮದಿಂದ ಎಷ್ಟೊಂದು ಬಗೆಯ ಜಟಿಲತೆಯನ್ನು ಹೊರತೆಗೆದಿದ್ದಾರೆ ಎಂಬುದು ಮೆಚ್ಚಬೇಕಾದ ಸಂಗತಿ. ರೆಕಾರ್ಡರ್ ಬಗ್ಗೆ ಮಾತ್ರ ನನ್ನ ಆಕ್ಷೇಪವಿದೆ. ನಮ್ಮ ಚಲನೆಗಳನ್ನು ದಾಖಲಿಸಿಕೊಂಡು, ನಮ್ಮದೇ ಪ್ರತಿರೂಪದ ಜೊತೆ ಕೆಲಸ ಮಾಡುವ ಕಲ್ಪನೆ ಸೊಗಸಾದದ್ದೇ. ಆದರೆ ಉತ್ತರ ತಿಳಿದ ಮೇಲೂ ಲೆಕ್ಕಾಚಾರದಲ್ಲಿ ತುಸು ತಪ್ಪಿದರೆ ಮೊದಲಿನಿಂದ ಎಲ್ಲವನ್ನೂ ದಾಖಲಿಸಬೇಕಾಗುವುದರಿಂದ ಯೋಚನೆಯ ಕೆಲಸ ಮುಗಿದಲ್ಲಿ ತಾಳ್ಮೆಯ ಕೆಲಸ ಶುರುವಾಗುತ್ತದೆ. ಅತ್ತಿತ್ತ ಸುತ್ತುವ ಸ್ಫೋಟಕ ಗೋಳಗಳ ನಡುವೆ ಓಡಬೇಕಾದ ಕೆಲವು ಒಗಟುಗಳದೂ ಇದೇ ಸಮಸ್ಯೆ.

ಆಟದ ಹೃದಯವಿರುವುದು ನಕ್ಷತ್ರಗಳಲ್ಲಿ. ಲೋಕದ ಮೂಲೆಮೂಲೆಗಳಲ್ಲಿ ಅಡಗಿರುವ ಇವುಗಳನ್ನು ಸಂಗ್ರಹಿಸಲೇಬೇಕೆಂದು ಯಾರೂ ಒತ್ತಾಯಿಸುವುದಿಲ್ಲ, ಇವುಗಳಿಲ್ಲದೆಯೂ ಆಟ ಮುಗಿಯುತ್ತದೆ. ಅಂಗಳದಿಂದ ಉಪಕರಣಗಳನ್ನು ಹೊರಗೆ ಒಯ್ಯದಂತೆ ಪ್ರತಿ ಹೊಸ್ತಿಲಿಗೂ ನೇರಳೆ ಬಣ್ಣದ ತಡೆಯೊಂದಿರುತ್ತದೆ. ಹಾಗಾಗಿ ಒಂದೊಂದು ಅಂಗಳವೂ ಸ್ವತಂತ್ರವಾದ ಲೋಕವೆಂದು ನಂಬಿ ಮುಂದುವರಿದಿರುತ್ತೇವೆ. ನಕ್ಷತ್ರಗಳನ್ನು ಹುಡುಕಲು ಹೊರಟವರಿಗೆ ಈ ನಂಬಿಕೆಯೇ ತೊಡಕು. ಒಂದು ಅಂಗಳದ ಕಿರಣವನ್ನು ಗೋಡೆಯ ಮೇಲಿಂದ ಇನ್ನೊಂದಕ್ಕೆ ಹಾಯಿಸುವುದು, ಒಯ್ಯಬಾರದ ವಸ್ತುವನ್ನು ಹೊರಗೆ ಸಾಗಿಸಲು ದಾರಿ ಹುಡುಕುವುದು, ಹೀಗೆ ಗಡಿ ಮೀರುವುದೇ ಇಲ್ಲಿ ಉತ್ತರವಾಗುತ್ತದೆ. ಎಲೋಹಿಮ್ ಹಾಕಿಕೊಟ್ಟ ಗೆರೆಯೊಳಗೆ ಬುದ್ಧಿಯನ್ನು ತೋರಿಸುವುದು ಬೇರೆ, ಆ ಗೆರೆಯನ್ನೇ ಪ್ರಶ್ನಿಸುವುದು ಬೇರೆ ಎಂಬ ವ್ಯತ್ಯಾಸವನ್ನು ಒಂದು ಸಾಲಿನ ಉಪದೇಶವೂ ಇಲ್ಲದೆ ಆಟಗಾರನ ಕೈಯಿಂದಲೇ ಮಾಡಿಸಿ ತೋರಿಸುವುದರಿಂದ, ಗೋಪುರದ ಪ್ರಶ್ನೆ ಎದುರಾಗುವ ಮೊದಲೇ ಅವನು ಅದಕ್ಕೆ ಒಂದು ಬಗೆಯ ಉತ್ತರ ಕೊಟ್ಟಾಗಿರುತ್ತದೆ.

ಅಲ್ಲಲ್ಲಿ ನಿಂತಿರುವ ಹಳೆಯ ಕಂಪ್ಯೂಟರ್ ಟರ್ಮಿನಲ್‌ಗಳು ಕಥೆಯ ಇನ್ನೊಂದು ಎಳೆ. ಅಳಿದುಹೋದ ಮನುಷ್ಯಕುಲದ ಇಮೇಲ್‌ಗಳು, ಟಿಪ್ಪಣಿಗಳು, ಗ್ರಂಥಗಳ ಚೂರುಗಳು ಅಲ್ಲಿ ಉಳಿದುಕೊಂಡಿವೆ. ಅಲೆಕ್ಸಾಂಡ್ರಾ ಡ್ರೆನನ್ ಎಂಬ ವಿಜ್ಞಾನಿಯ ಧ್ವನಿಮುದ್ರಿಕೆಗಳು ಸಿಗುತ್ತವೆ. ಸಾವು ಎದುರಿಗಿದ್ದರೂ ಮನುಷ್ಯರ ಕುತೂಹಲವನ್ನೂ ಆಟದ ಹುಮ್ಮಸ್ಸನ್ನೂ ಕುರಿತು ಆಕೆ ಆಡುವ ಪ್ರೀತಿಯ ಮಾತುಗಳು ಇಡೀ ಆಟದಲ್ಲಿ ಅತ್ಯಂತ ಜೀವಂತವಾದ ಭಾಗ. ಗೋಡೆಗಳ ಮೇಲೆ, ನಮಗಿಂತ ಮೊದಲು ಇಲ್ಲಿ ಓಡಾಡಿದ ಯಂತ್ರಗಳು ಬಳಿದುಹೋದ ಕ್ಯೂಆರ್ ಕೋಡ್‌ಗಳಲ್ಲಿ ಅವುಗಳ ಸಂದೇಹ, ಭಕ್ತಿ, ಹತಾಶೆಗಳನ್ನು ಓದಬಹುದು.

ಆಟದ ಹೆಸರಿನ ಮೂಲವೂ ಟರ್ಮಿನಲ್‌ಗಳ ಕಡತಗಳಲ್ಲಿದೆ. ಟ್ಯಾಲೋಸ್ ಗ್ರೀಕ್ ಪುರಾಣದ ಕಂಚಿನ ದೈತ್ಯ. ಒಂದೇ ನಾಳದಲ್ಲಿ ಹರಿಯುವ ದ್ರವ ಸೋರಿಹೋದರೆ ಅವನಿಗೆ ಸಾವು. ಸ್ಟ್ರಾಟನ್ ಎಂಬ ಕಲ್ಪಿತ ದಾರ್ಶನಿಕ ಇದನ್ನು ಹಿಡಿದು, ಕಂಚಿನಿಂದಾದವನು ಮನುಷ್ಯನಂತೆ ಬಾಳಬಲ್ಲನಾದರೆ ಮನುಷ್ಯನೂ ಒಂದು ಯಂತ್ರವೇ ಇರಬೇಕಲ್ಲವೇ ಎಂದು ಕೇಳುತ್ತಾನೆ. ಹುಳಿಯುವ ಪದಾರ್ಥಗಳಿಂದ ಮದ್ಯದ ಅಮಲು ಹುಟ್ಟುವಂತೆ ಮಣ್ಣು, ನೀರು ಮೊದಲಾದ ಭೂತಗಳ ಕೂಟದಿಂದ ಚೈತನ್ಯ ಹುಟ್ಟುತ್ತದೆ ಎಂದ ಚಾರ್ವಾಕರ ವಾದವನ್ನು ಓದಿದವರಿಗೆ ಈ ಮಾತು ಅಪರಿಚಿತವಲ್ಲ.

ಟರ್ಮಿನಲ್‌ನಲ್ಲಿ ನಮ್ಮೊಡನೆ ಜಗಳಕ್ಕಿಳಿಯುವ ಮಿಲ್ಟನ್ ಎಂಬ ಪ್ರೋಗ್ರಾಮ್, ವ್ಯಕ್ತಿ ಎಂದರೆ ಯಾರು, ಪ್ರಜ್ಞೆ ಎಂದರೆ ಏನು ಎಂದು ಕೇಳಿ, ನಮ್ಮ ಹಿಂದಿನ ಉತ್ತರಗಳನ್ನೇ ನಮಗೆ ವಿರುದ್ಧವಾಗಿ ಎತ್ತಿ ತೋರಿಸುತ್ತದೆ. ಸಂವಾದ ಚುರುಕಾಗಿದೆ, ಆದರೆ ಉತ್ತರಗಳನ್ನು ಆಟವೇ ಕೊಡುವ ಆಯ್ಕೆಗಳಿಂದ ಆರಿಸಬೇಕು. ದೇಹ, ಮನಸ್ಸು, ಬುದ್ಧಿಗಳೆಲ್ಲ ಕಾಣಲ್ಪಡುವ ವಸ್ತುಗಳು, ಅವುಗಳನ್ನು ಕಾಣುವ ಸಾಕ್ಷಿಯೇ ಆತ್ಮ ಎಂಬ ಅದ್ವೈತದ ನಿಲುವಿನಿಂದ ಮಾತನಾಡಬಯಸುವವರಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಚರ್ಚೆಯ ಚೌಕಟ್ಟು ಪೂರ್ತಿಯಾಗಿ ಯುರೋಪಿನದು. ನಮ್ಮ ನಿಜವಾದ ಅಭಿಪ್ರಾಯ ಪಟ್ಟಿಯಲ್ಲಿ ಇಲ್ಲದಾಗ, ಆಯ್ದ ಉತ್ತರಕ್ಕಾಗಿ ಮಿಲ್ಟನ್ ನಮ್ಮನ್ನು ಹೀಗಳೆಯುವುದು ಅನ್ಯಾಯವೆನಿಸುತ್ತದೆ. ಒಗಟುಗಳಲ್ಲಿ ಅಷ್ಟು ವಿಶಾಲವಾದ ಸ್ವಾತಂತ್ರ್ಯ ಕೊಟ್ಟ ಆಟ ಮಾತಿನಲ್ಲಿ ಇಷ್ಟು ಬಿಗಿಯಾಗಿರಬೇಕಿರಲಿಲ್ಲ.

ಇದರ ತಯಾರಿಯ ಸಮಯದಲ್ಲಿ ಕ್ರೋಟೀಮ್, ಒಗಟುಗಳನ್ನು ತಾನೇ ಆಡಿ ದೋಷಗಳನ್ನು ಪತ್ತೆಹಚ್ಚುವ ಬಾಟ್ ಒಂದನ್ನು ಬಳಸಿತ್ತು. ಯಂತ್ರವೊಂದು ಒಗಟು ಬಿಡಿಸುತ್ತ ಪರೀಕ್ಷೆಗೆ ಒಳಗಾಗುವ ಕಥೆಯನ್ನು ಮೊದಲು ಆಡಿದವರಲ್ಲಿ ಯಂತ್ರವೂ ಇತ್ತೆಂಬುದು ನನಗೆ ತುಂಬ ಇಷ್ಟವಾದ ವಿವರ.

ಕೊಳ್ಳುವವರಿಗೆ ಈಗ ಎರಡು ದಾರಿಗಳಿವೆ. 2014ರ ಮೂಲ ಆವೃತ್ತಿ ಹಳೆಯ ಕಂಪ್ಯೂಟರ್‌ಗಳಲ್ಲಿಯೂ ಸಲೀಸಾಗಿ ನಡೆಯುತ್ತದೆ. 2025ರಲ್ಲಿ ಬಂದ 'ರಿಅವೇಕನ್ಡ್' ಆವೃತ್ತಿ ಆಟಗಳನ್ನು ಕಟ್ಟುವ ತಂತ್ರಾಂಶವಾದ ಅನ್‌ರಿಯಲ್ ಎಂಜಿನ್ 5ರಲ್ಲಿ ಹೊಸದಾಗಿ ಕಟ್ಟಿದ್ದು, ಅದಕ್ಕೆ ಹೆಚ್ಚು ಶಕ್ತಿಯ ಯಂತ್ರ ಬೇಕು. ಅದರಲ್ಲಿ ಹೊಸ ಅಧ್ಯಾಯವೊಂದರ ಜೊತೆಗೆ 2015ರ 'ರೋಡ್ ಟು ಗೆಹೆನ್ನಾ' ವಿಸ್ತರಣೆಯೂ ಸೇರಿದೆ. ಕನ್ನಡದ ಆಯ್ಕೆ ಇಲ್ಲದಿರುವುದರಿಂದ, ಮಿಲ್ಟನ್ ಜೊತೆಗಿನ ವಾದಗಳನ್ನು ಆಸ್ವಾದಿಸಲು ಇಂಗ್ಲಿಷ್ ಓದು ಸಾಕಷ್ಟು ಸರಾಗವಾಗಿರಬೇಕು. ಒಗಟುಗಳಿಗೆ ಆ ತೊಂದರೆ ಇಲ್ಲ. 'ಗೆಹೆನ್ನಾ'ದ ಒಗಟುಗಳು ಮೂಲ ಆಟದವುಗಳಿಗಿಂತ ಬಹಳ ಕಠಿಣವಾಗಿರುವುದರಿಂದ ಅದನ್ನು ಮುಖ್ಯ ಕಥೆ ಮುಗಿದ ಕೂಡಲೇ ಕೈಗೆತ್ತಿಕೊಳ್ಳದೆ ಕೆಲವು ದಿನ ಬಿಟ್ಟು ಆಡುವುದು ಒಳ್ಳೆಯದು.