ಬಿಡದೆ ಹಿಡಿದವನ ಮುಂದೆ ಕರಾಟೆ, ಬಾಕ್ಸಿಂಗ್, ಜೂಡೋ

ಆತ್ಮರಕ್ಷಣೆ ಕಲಿಯಲು ಮಗಳನ್ನು ಯಾವ ತರಗತಿಗೆ ಸೇರಿಸಲಿ ಎಂದು ಹಾಸನದಲ್ಲಿ ಪರಿಚಯದ ತಾಯಂದಿರು ಕೇಳಿದಾಗ ನಾನು ಕೊಡುವ ಉತ್ತರ ಇದು. ಜೂಡೋ ಸಿಕ್ಕರೆ ಜೂಡೋ. ಸಿಗದಿದ್ದರೆ ಬಾಕ್ಸಿಂಗ್. ಕರಾಟೆಗೇ ಸೇರಿಸುವುದಾದರೆ ಮೊದಲು ಒಂದು ಸಂಜೆ ಅಲ್ಲಿಯೇ ಕುಳಿತು, ಮಕ್ಕಳು ಒಬ್ಬರ ಮೇಲೊಬ್ಬರು ನಿಜವಾಗಿ ಬಲ ಹಾಕುತ್ತಾರೆಯೇ ಎಂದು ನೋಡಿ. ಹೆಚ್ಚಿನವರಿಗೆ ಈ ಉತ್ತರ ಹಿಡಿಸುವುದಿಲ್ಲ. ಕರಾಟೆ ಮನೆಯ ಪಕ್ಕದಲ್ಲೇ ಇದೆ, ಬೆಲ್ಟು ಬರುತ್ತದೆ, ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಹೆಂಚು ಒಡೆದು ತೋರಿಸುತ್ತಾರೆ. ಎದುರಾಳಿಯನ್ನು ಹಿಡಿದು ಕೆಡವುವ ಜಪಾನಿನ ವಿದ್ಯೆ ಜೂಡೋ, ಅದರ ಹೆಸರನ್ನೇ ಕೆಲವರು ಕೇಳಿರುವುದಿಲ್ಲ. ಆದರೂ ನನ್ನ ಉತ್ತರ ಬದಲಾಗಿಲ್ಲ, ಏಕೆಂದರೆ ಇವನ್ನೆಲ್ಲ ನನ್ನ ಮೈಯ ಮೇಲೆಯೇ ಪರೀಕ್ಷಿಸಿ ನೋಡಿದ್ದೇನೆ.

ಕರಾಟೆಯನ್ನು ಪ್ರೌಢಶಾಲೆಯಲ್ಲಿದ್ದಾಗ ಕಲಿತೆ. ಬೆಂಗಳೂರಿನಲ್ಲಿ ಓದುವಾಗ ಜೂಡೋ. ಕೆಲಸಕ್ಕೆಂದು ಹಾಸನಕ್ಕೆ ಮರಳಿದ ಮೇಲೆ ಒಂದು ಜಿಮ್‌ನಲ್ಲಿ ಬಾಕ್ಸಿಂಗ್. ಮಗಳ ಜೊತೆಗೆ ಒಂದಷ್ಟು ಕಾಲ ಕೊರಿಯಾದ ಒದೆತದ ವಿದ್ಯೆ ಟೇಕ್ವಾಂಡೋ. ಇವುಗಳ ನಡುವೆ ಕಚೇರಿಯವರು ಏರ್ಪಡಿಸಿದ್ದ ಮಹಿಳೆಯರ ಆತ್ಮರಕ್ಷಣೆ ಶಿಬಿರ. ಪ್ರತಿಯೊಂದರಲ್ಲೂ ಕಲಿಸಿದವರು ಬೀದಿಯಲ್ಲಿ ಉಪಯೋಗಕ್ಕೆ ಬರುವ ವಿದ್ಯೆ ತಮ್ಮದೇ ಎಂದರು. ಎಲ್ಲರ ಮಾತೂ ಏಕಕಾಲಕ್ಕೆ ನಿಜವಾಗಲು ಸಾಧ್ಯವಿರಲಿಲ್ಲ.

ಹಾಗಾಗಿ ಪರೀಕ್ಷೆಯನ್ನು ತವರಿಗೆ ಒಯ್ದೆ. ಸಕಲೇಶಪುರದ ಕಡೆಯ ನಮ್ಮ ಮನೆಯ ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣವಿದೆ. ಕೊಯ್ಲು ಮುಗಿದ ಮೇಲೆ ಅದು ಖಾಲಿ. ಅಣ್ಣ ಓದುವ ಕಾಲದಲ್ಲಿ ಮೈಸೂರಿನ ಗರಡಿಯೊಂದರಲ್ಲಿ ಕುಸ್ತಿಯ ಮಣ್ಣಿನ ಮಟ್ಟಿಗೆ ಇಳಿದವನು, ನನಗಿಂತ ಬಹಳ ಭಾರ, ಹಿಡಿತ ಗಟ್ಟಿ. ಅವನಿಗೆ ನಾನು ಹಾಕಿದ ಷರತ್ತು ಒಂದೇ: ಹಿಡಿದರೆ ಬಿಡಬಾರದು, ನಾನು ಕಲಿತಿದ್ದೇನೆಂದು ಸಹಕರಿಸಬಾರದು. ಮೊದಲು ಮುಂಗೈ ಹಿಡಿದು ಎಳೆದೊಯ್ಯುವುದು, ಆಮೇಲೆ ಹಿಂದಿನಿಂದ ಬ್ಯಾಗು ಅಥವಾ ವೇಲ್ ಹಿಡಿಯುವುದು, ಕೊನೆಗೆ ಭುಜ ಹಿಡಿದು ಗೋಡೆಗೆ ಒತ್ತುವುದು. ನಾನು ಸಮವಸ್ತ್ರ ಹಾಕಲಿಲ್ಲ. ಕಚೇರಿಗೆ ಹೋಗುವ ಚೂಡಿದಾರ, ಚಪ್ಪಲಿ, ಹೆಗಲಿಗೆ ಬ್ಯಾಗು. ಅವನನ್ನು ಸೋಲಿಸುವುದು ನನ್ನ ಗುರಿಯಾಗಿರಲಿಲ್ಲ. ಅತ್ತಿಗೆ ನಿಂತಿದ್ದ ಗೇಟನ್ನು ತಲುಪಿದರೆ ಸಾಕಿತ್ತು. ಬೀಳುವ ಸಾಧ್ಯತೆ ಇದ್ದ ಕಡೆಯೆಲ್ಲ ಹಳೆಯ ಹಾಸಿಗೆಗಳನ್ನು ಹಾಸಿದ್ದೆವು.

ಮೊದಲು ಕರಾಟೆಯನ್ನು ಪ್ರಯತ್ನಿಸಿದೆ. ಮುಂಗೈ ಹಿಡಿದವನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಕಿತ್ತುಕೊಳ್ಳುವ ಪಾಠ ಎಲ್ಲ ತರಗತಿಗಳಲ್ಲೂ ಇದೆ, ಅದರ ಲೆಕ್ಕಾಚಾರವೂ ಸರಿ. ತರಗತಿಯಲ್ಲಿ ಎದುರಿನ ಹುಡುಗಿ ಕೈ ಹಿಡಿದು ನಿಂತಿರುತ್ತಿದ್ದಳು. ಅಣ್ಣ ನಿಲ್ಲಲಿಲ್ಲ. ಹಿಡಿದ ಕ್ಷಣವೇ ಎಳೆದುಕೊಂಡು ನಡೆದ. ಕೈಯನ್ನು ಸರಿಯಾಗಿಯೇ ತಿರುಗಿಸಿದೆ, ಆದರೆ ಆ ಹೊತ್ತಿಗೆ ನನ್ನ ಕಾಲುಗಳು ಅವನ ಹಿಂದೆ ಓಡುತ್ತಿದ್ದವು. ಗೋಡೆಯ ಬಳಿ ಪರಿಸ್ಥಿತಿ ಇನ್ನೂ ಕಷ್ಟವಾಯಿತು. ಸೊಂಟದಿಂದ ಹೊರಡುವ ಹೊಡೆತಕ್ಕೆ ಬೇಕಾದ ಜಾಗವೇ ಅಲ್ಲಿರಲಿಲ್ಲ. ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ದರ್ಶನಕ್ಕೆ ಸಾಲಿನಲ್ಲಿ ನಿಂತವರಿಗೆ ಆ ಇಕ್ಕಟ್ಟು ಗೊತ್ತು. ಅಂಥ ಕಡೆ ಕೈ ಬೀಸಲಾಗುವುದಿಲ್ಲ. ಕಿರುಕುಳ ಕೊಡುವವರು ಹುಡುಕುವುದೂ ಅಂಥ ಜಾಗವನ್ನೇ.

ಇದು ಕರಾಟೆಯ ಮೂಲದ ದೋಷವೆಂದು ನಾನು ಹೇಳಲಾರೆ. ಜಪಾನಿನ ಒಕಿನಾವಾ ದ್ವೀಪದ ಇತೊಸು ಎಂಬ ಗುರು 20ನೇ ಶತಮಾನದ ಆರಂಭದಲ್ಲಿ ಅದನ್ನು ಶಾಲೆಗಳಿಗೆ ತಂದರು. ಮಕ್ಕಳಿಗೆ ಸಾಲಾಗಿ ನಿಲ್ಲಿಸಿ ಕಲಿಸಲು ಅನುಕೂಲವಾಗುವ ಕಟಾಗಳನ್ನು, ಅಂದರೆ ಒಬ್ಬರೇ ಮಾಡುವ ಚಲನೆಗಳ ಸರಣಿಗಳನ್ನು, ರಚಿಸಿದರು. 1922ರಲ್ಲಿ ಅವರ ಶಿಷ್ಯ ಫುನಾಕೊಶಿ ಅದನ್ನು ಟೋಕಿಯೊದಲ್ಲಿ ಪ್ರದರ್ಶಿಸಿದ ಮೇಲೆ ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಹಬ್ಬಿತು. ನಮ್ಮ ಮೈದಾನಗಳಲ್ಲಿ ಭಾನುವಾರ ಬೆಳಿಗ್ಗೆ ಬಿಳಿ ಬಟ್ಟೆಯ ಮಕ್ಕಳು ಸಾಲುಗಟ್ಟಿ ಗಾಳಿಗೆ ಗುದ್ದುವುದು ಆ ಶಾಲಾ ಪದ್ಧತಿಯ ಮುಂದುವರಿಕೆ. ದೇಹ ಹದವಾಗುತ್ತದೆ, ಶಿಸ್ತು ಬರುತ್ತದೆ. ಎದುರಾಳಿ ಮಾತ್ರ ಇರುವುದಿಲ್ಲ. ಮಸುತಾತ್ಸು ಒಯಾಮಾ ಕಟ್ಟಿದ ಕ್ಯೊಕುಶಿನ್ ಪಂಥದಲ್ಲಿ ಪೂರ್ಣ ಬಲದಿಂದಲೇ ಹೊಡೆದಾಡುತ್ತಾರೆ. ಅಂಥ ಗುರು ಸಿಕ್ಕರೆ ನನ್ನ ಅಭಿಪ್ರಾಯ ಬೇರೆ.

ಆದರೆ ಕರಾಟೆ ನನಗೆ ಕೊಟ್ಟ ಒಂದನ್ನು ಉಳಿದ ಯಾವುದೂ ಕೊಡಲಿಲ್ಲ: ದನಿ. ಹೊಡೆತದೊಂದಿಗೆ ಹೊಟ್ಟೆಯಾಳದಿಂದ ಕೂಗುವ ಕಿಯಾಯ್ ಅನ್ನು ವರ್ಷಗಟ್ಟಲೆ ಮಾಡಿಸಿದರು. ಮೆಲ್ಲಗೆ ಮಾತಾಡು ಎಂದು ಬೆಳೆಸಿದ ಹುಡುಗಿಯ ಗಂಟಲು ಅಲ್ಲಿ ಸಡಿಲವಾಯಿತು. ಅರಸೀಕೆರೆಯಿಂದ ಬರುವ ಸಂಜೆಯ ಬಸ್ಸಿನಲ್ಲಿ, ನಿಲ್ಲಲೂ ಜಾಗವಿಲ್ಲದ ಹೊತ್ತಿನಲ್ಲಿ, ಹಿಂದಿನವನ ಕೈ ಬರಬಾರದ ಕಡೆ ಬಂದಾಗ ನಾನು ಯಾವ ಪಟ್ಟನ್ನೂ ಹಾಕಲಿಲ್ಲ. “ಕೈ ತೆಗೆಯಿರಿ!” ಎಂದು ಬಸ್ಸಿನ ಕೊನೆಯ ಸೀಟಿಗೂ ಕೇಳುವಂತೆ ಕೂಗಿದೆ. ಎಲ್ಲರೂ ತಿರುಗಿದರು. ಕಂಡಕ್ಟರ್ ಸೀಟಿ ಊದಿದರು. ಮುಂದಿನ ನಿಲ್ದಾಣದಲ್ಲಿ ಅವನು ಇಳಿದುಹೋದ. ನಿಜ ಜೀವನದಲ್ಲಿ ನಾನು ಆತ್ಮರಕ್ಷಣೆಗೆಂದು ಬಳಸಿದ ವಿದ್ಯೆಯಲ್ಲಿ ಮೊದಲನೆಯದು ಈ ಕೂಗು, ಅದು ಕರಾಟೆಯದು.

ಟೇಕ್ವಾಂಡೋ ಬಗ್ಗೆ ಹೆಚ್ಚು ಹೇಳುವುದಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಅದು ಪದಕದ ಕ್ರೀಡೆ, ನೋಡಲು ಚೆಂದ, ಮಗಳಿಗೆ ಬಹಳ ಇಷ್ಟ. ಸ್ಪರ್ಧೆಯ ನಿಯಮದಲ್ಲಿ ತಲೆಗೆ ಒದೆಯಬಹುದು, ಕೈಯಿಂದ ತಲೆಗೆ ಗುದ್ದುವಂತಿಲ್ಲ. ಹಾಗಾಗಿ ಮುಖದ ಮುಂದೆ ಕೈ ಇಟ್ಟುಕೊಳ್ಳುವ ಅಭ್ಯಾಸವೇ ಕಡಿಮೆಯಾಗುತ್ತದೆ. ಕಣದಲ್ಲಿ ಚಪ್ಪಲಿ ಕಾಲಿನಲ್ಲಿ ಒಂದು ಕಾಲೆತ್ತಿದಾಗ ಅಣ್ಣ ಅದನ್ನೇ ಹಿಡಿದುಕೊಂಡ. ಮಳೆಗಾಲದ ಮಲೆನಾಡಿನ ರಸ್ತೆಯಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲುವ ಯಾವ ಉಪಾಯವನ್ನೂ ನಾನು ನಂಬುವುದಿಲ್ಲ.

ಬಾಕ್ಸಿಂಗ್ ಕಲಿಸಿದ್ದು ಬೇರೆ ಬಗೆಯದು. ಮೂಗಿಗೆ ಮೊದಲ ಗುದ್ದು ಬಿದ್ದಾಗ ಕಣ್ಣಲ್ಲಿ ನೀರು ತುಂಬುತ್ತದೆ, ಏನೂ ಕಾಣುವುದಿಲ್ಲ, ಮುಖ ತಾನಾಗಿ ಅತ್ತ ತಿರುಗುತ್ತದೆ. ಜೀವನದಲ್ಲಿ ಒಮ್ಮೆಯೂ ಪೆಟ್ಟು ತಿನ್ನದವಳಿಗೆ ಬೀದಿಯಲ್ಲಿ ಮೊದಲ ಪೆಟ್ಟು ಬಿದ್ದರೆ, ಅದರ ನೋವಿಗಿಂತ ಆ ದಿಗ್ಭ್ರಮೆಯೇ ಅವಳನ್ನು ಕೆಡವುತ್ತದೆ. ರಿಂಗ್‌ನಲ್ಲಿ ಅದು ಮತ್ತೆ ಮತ್ತೆ ಆಗಿ, ಕೊನೆಗೆ ಕಣ್ಣು ತೆರೆದುಕೊಂಡೇ ಗಲ್ಲ ತಗ್ಗಿಸಿ ಕೈ ಮೇಲಿಡುವುದು ಅಭ್ಯಾಸವಾಗುತ್ತದೆ. ಅಣ್ಣ ಗ್ಲೌಸ್ ತೊಟ್ಟು ಕಪಾಳದ ಕಡೆಗೆ ಬೀಸಿದಾಗ ಬರುವ ಕೈ ನನಗೆ ಕಾಣುತ್ತಿತ್ತು, ನಾನು ಪಕ್ಕಕ್ಕೆ ಸರಿಯುತ್ತಿದ್ದೆ, ಗೇಟು ಹತ್ತಿರವಾಗುತ್ತಿತ್ತು. ಕರಾಟೆಯಲ್ಲಿ ಇದು ಆಗಿರಲಿಲ್ಲ.

ಆದರೆ ಅವನು ಬಂದು ತಬ್ಬಿ ಹಿಡಿದ ಕೂಡಲೇ ಬಾಕ್ಸಿಂಗ್ ಮುಗಿಯಿತು. ರಿಂಗ್‌ನಲ್ಲಿ ಹೀಗೆ ಹಿಡಿದರೆ ರೆಫರಿ ಬಂದು ಬಿಡಿಸುತ್ತಾರೆ. ಕಣದಲ್ಲಿ ಬಿಡಿಸುವವರು ಯಾರು? ಇನ್ನೊಂದು ತೊಂದರೆ ಗ್ಲೌಸ್ ಇಲ್ಲದ ಮುಷ್ಟಿಯದು. ತಲೆಬುರುಡೆ ಗಟ್ಟಿ, ಅಂಗೈಯ ಮೂಳೆಗಳು ಸಣ್ಣವು. ಬರಿಗೈಯಲ್ಲಿ ತಲೆಗೆ ಗುದ್ದಿದರೆ ಕಿರುಬೆರಳಿನ ಕಡೆಯ ಮೂಳೆ ಮುರಿಯುವುದು ಎಷ್ಟು ಸಾಮಾನ್ಯವೆಂದರೆ, ಆ ಮುರಿತಕ್ಕೆ ವೈದ್ಯರು ಬಾಕ್ಸರನ ಹೆಸರನ್ನೇ ಇಟ್ಟಿದ್ದಾರೆ. ಬೀದಿಯಲ್ಲಿ ಮುಷ್ಟಿಗಿಂತ ಅಂಗೈಯ ಬುಡವೇ ಸುರಕ್ಷಿತ.

ಈಗ ಜೂಡೋ. ಜಿಗೊರೊ ಕಾನೊ ಟೋಕಿಯೊದಲ್ಲಿ ಕೊಡೊಕಾನ್ ಶಾಲೆಯನ್ನು ತೆರೆದದ್ದು 1882ರಲ್ಲಿ. ಜಪಾನಿನ ಹಳೆಯ ಕಾದಾಟದ ವಿದ್ಯೆಯಾದ ಜುಜುತ್ಸುವಿನಲ್ಲಿ ಕಣ್ಣು ಚುಚ್ಚುವುದು, ಬೆರಳು ಮುರಿಯುವುದು, ಮರ್ಮಕ್ಕೆ ಹೊಡೆಯುವುದು ಎಲ್ಲವೂ ಇತ್ತು. ಗೆಳೆಯನ ಮೇಲೆ ಅವನ್ನು ಪ್ರಯೋಗಿಸಲಾಗುವುದಿಲ್ಲವಾದ್ದರಿಂದ ಅವು ಬರಿಯ ಅಣಕು ಅಭ್ಯಾಸವಾಗಿ ಉಳಿಯುತ್ತಿದ್ದವು. ಕಾನೊ ಅವರು ಅಂಥವನ್ನು ಮುಕ್ತ ಸೆಣಸಾಟದಿಂದ ಹೊರಗಿಟ್ಟು, ಎಸೆಯುವುದನ್ನೂ ನೆಲದಲ್ಲಿ ಹಿಡಿದಿಡುವುದನ್ನೂ ಇಬ್ಬರೂ ಪೂರ್ಣ ಬಲದಿಂದ ಅಭ್ಯಾಸ ಮಾಡುವಂತೆ ಮಾಡಿದರು. ಅದನ್ನು ರಾಂದೊರಿ ಎನ್ನುತ್ತಾರೆ. ಅಪಾಯಕಾರಿ ಪಟ್ಟುಗಳನ್ನು ತೆಗೆದುಹಾಕಿದ ವಿದ್ಯೆಯೇ ಹೆಚ್ಚು ಉಪಯುಕ್ತವಾಯಿತು ಎಂಬುದನ್ನು ನಾನು ಕಣದಲ್ಲಿ ಕಂಡೆ. ಕಣ್ಣು ಚುಚ್ಚುವುದನ್ನು ನಾನು ಯಾರ ಮೇಲೂ ಮಾಡಿಲ್ಲ, ಹಾಗಾಗಿ ಆ ಹೊತ್ತಿಗೆ ಕೈ ಬರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಎದುರಾಳಿಯ ಕಾಲನ್ನು ಹೊರಬದಿಯಿಂದ ನಮ್ಮ ಕಾಲಿನಿಂದ ಸೆಳೆದು ಕೆಡವುವ ಒಸೊತೊಗಾರಿಯನ್ನು ಮಾತ್ರ, ಬೀಳಲು ಒಪ್ಪದ ಎಷ್ಟೋ ಜನರ ಮೇಲೆ ಮಾಡಿದ್ದೆ.

ಅಣ್ಣ ಮುಂಗೈ ಹಿಡಿದು ಎಳೆದ. “ಎಲ್ಲಿ, ಬಿಡಿಸಿಕೋ ನೋಡೋಣ” ಎಂದ. ನಾನು ಹಿಂದಕ್ಕೆ ಎಳೆಯಲೇ ಇಲ್ಲ. ಅವನು ಎಳೆದ ಕಡೆಗೇ ಹೆಜ್ಜೆ ಹಾಕಿ ಅವನ ಪಕ್ಕಕ್ಕೆ ಹೋದೆ, ಇನ್ನೊಂದು ಕೈಯಿಂದ ಅವನ ಜರ್ಕಿನ್ನಿನ ಕೊರಳನ್ನು ಹಿಡಿದೆ. ಭಾರವೆಲ್ಲ ಅವನ ಒಂದೇ ಹಿಮ್ಮಡಿಗೆ ಬಂದಾಗ ಆ ಕಾಲನ್ನು ನನ್ನ ಕಾಲಿನಿಂದ ಸೆಳೆದು ಕೆಡವಿದೆ. ಹಾಸಿಗೆಯ ಮೇಲೆ ಬಿದ್ದವನು ಏಳುವಷ್ಟರಲ್ಲಿ ನಾನು ಗೇಟಿನಲ್ಲಿದ್ದೆ. ಗೋಡೆಗೆ ಒತ್ತಿದಾಗಲೂ ಹಾಗೆಯೇ. ಅವನು ಒತ್ತುವ ಬಲವನ್ನು ಎದುರಿಸದೆ ಅವನ ಮೊಣಕೈ ಕೆಳಗಿನಿಂದ ಮೈ ತಿರುಗಿಸಿ ಜಾಗ ಬದಲಿಸಿದೆ, ಗೋಡೆಗೆ ಅವನ ಬೆನ್ನು ಬಂತು. ಮಲೆನಾಡಿನಲ್ಲಿ ವರ್ಷದ ಬಹುಭಾಗ ಗಂಡಸರು ಜರ್ಕಿನ್ನನ್ನೋ ಸ್ವೆಟರನ್ನೋ ತೊಟ್ಟಿರುತ್ತಾರೆ. ಜೂಡೋ ಬಲ್ಲವಳಿಗೆ ಅದು ಹಿಡಿಕೆ.

ಅಣ್ಣನಿಗೂ ಉತ್ತರವಿತ್ತು. ಮುಂದಿನ ಸಲ ಅವನು ಬಗ್ಗಿ ನನ್ನ ಎರಡೂ ಕಾಲುಗಳನ್ನು ಬಾಚಿ ಎತ್ತಿಬಿಟ್ಟ. ಮಣ್ಣಿನ ಕುಸ್ತಿಯವರಿಗೆ ಇದು ಮೊದಲ ಪಾಠ. ಜೂಡೋ ಸ್ಪರ್ಧೆಗಳಲ್ಲಿ ಕಾಲಿಗೆ ಕೈ ಹಾಕುವುದನ್ನು 2010ರಿಂದ ನಿರ್ಬಂಧಿಸಿ, 2013ರಲ್ಲಿ ಪೂರ್ತಿ ನಿಷೇಧಿಸಿದ್ದರು. ನಾನು ಕಲಿತ ತರಗತಿಯಲ್ಲಿ ಅದರ ಪ್ರತಿಪಟ್ಟನ್ನೇ ತೋರಿಸಿರಲಿಲ್ಲ. ಸೊಂಟವನ್ನು ಹಿಂದಕ್ಕೆಸೆದು ಅವನ ತಲೆಯ ಮೇಲೆ ಭಾರ ಹಾಕುವುದನ್ನು ಆ ಮಧ್ಯಾಹ್ನ ಅಣ್ಣನೇ ಕಲಿಸಿಕೊಟ್ಟ. ಹೆಣ್ಣುಮಕ್ಕಳಿಗೆ ಗರಡಿಯ ಬಾಗಿಲು ನಮ್ಮ ಊರುಗಳಲ್ಲಿ ತೆರೆದಿದ್ದರೆ ನಾನು ಕುಸ್ತಿಯನ್ನು ಜೂಡೋಗೆ ಸಮನಾಗಿ ಹೇಳುತ್ತಿದ್ದೆ. 2016ರಲ್ಲಿ ಸಾಕ್ಷಿ ಮಲಿಕ್ ರಿಯೊದಿಂದ ಕಂಚು ತಂದ ಮೇಲೂ ಆ ಬಾಗಿಲು ಇಲ್ಲಿ ತೆರೆಯದಿರುವುದು ನನಗೆ ನೋವಿನ ಸಂಗತಿ.

ಜೂಡೋವನ್ನು ಮೊದಲಿಡಲು ಇನ್ನೊಂದು ಕಾರಣವಿದೆ, ಅದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳಲ್ಲಿ, ಅತ್ಯಾಚಾರ ಪ್ರಕರಣಗಳ ಬಹುಪಾಲು ಆರೋಪಿಗಳು ಸಂತ್ರಸ್ತೆಗೆ ಪರಿಚಿತರೇ ಎಂಬುದು ವರ್ಷ ವರ್ಷವೂ ಕಾಣುತ್ತದೆ. ಕತ್ತಲ ರಸ್ತೆಯ ಅಪರಿಚಿತನನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಹುಡುಗಿಯರಿಗೆ ಗುದ್ದು ಕಲಿಸುತ್ತೇವೆ. ಕೈ ಹಿಡಿಯುವವನು ನೆಂಟನೋ, ನೆರೆಯವನೋ, ಜೊತೆಯಲ್ಲಿ ಕೆಲಸ ಮಾಡುವವನೋ ಆಗಿರುತ್ತಾನೆ. ಅವನ ಮೂಗು ಒಡೆಯಲು ಹುಡುಗಿಯ ಮನಸ್ಸು ಒಪ್ಪುವುದಿಲ್ಲ, ಆ ಹಿಂಜರಿಕೆಯಲ್ಲೇ ಸಮಯ ಹೋಗುತ್ತದೆ. ಹೊಡೆಯದೆಯೇ ಬಿಡಿಸಿಕೊಂಡು ಬಾಗಿಲ ಕಡೆ ನಡೆಯುವ ದಾರಿ ಜೂಡೋದಲ್ಲಿದೆ. ಪೂರ್ತಿ ಎಸೆಯಬೇಕಾಗಿಲ್ಲ, ಅವನ ಸಮತೋಲ ಕೆಡಿಸಿದರೆ ಸಾಕು. ಸಿಮೆಂಟಿನ ನೆಲದ ಮೇಲೆ ಪೂರ್ತಿ ಎಸೆದರೆ ತಲೆ ಒಡೆಯಬಹುದು ಎಂಬುದನ್ನೂ ಮರೆಯಬಾರದು.

ಕಚೇರಿಯ ಶಿಬಿರದಲ್ಲಿ ಉಪಯೋಗಕ್ಕೆ ಬಂದದ್ದು ಕಾನೂನಿನ ಮಾತು. ಭಾರತೀಯ ನ್ಯಾಯ ಸಂಹಿತೆಯ 34ನೇ ಸೆಕ್ಷನ್ ಪ್ರಕಾರ ಸ್ವರಕ್ಷಣೆಯ ಹಕ್ಕಿನಲ್ಲಿ ಮಾಡಿದ್ದು ಅಪರಾಧವಲ್ಲ. 37ನೇ ಸೆಕ್ಷನ್ ಪ್ರಕಾರ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಬಿದ್ದವನನ್ನು ಮತ್ತೆ ಒದೆಯಲು ನಿಲ್ಲದೆ ಓಡಬೇಕು, 112ಕ್ಕೆ ಕರೆ ಮಾಡಬೇಕು. ಉಳಿದಂತೆ ಆ ಶಿಬಿರದಲ್ಲಿ ನಾವು ಯಾರೂ ಯಾರನ್ನೂ ಗಟ್ಟಿಯಾಗಿ ಹಿಡಿಯಲಿಲ್ಲ. ಮುಗಿದಾಗ ಎಲ್ಲರಿಗೂ ಬಂದ ಧೈರ್ಯ ನನ್ನನ್ನು ಕಳವಳಗೊಳಿಸಿತು. ಕಲಿಯದಿರುವುದನ್ನು ಕಲಿತೆನೆಂದು ನಂಬಿದವಳು ಓಡಬೇಕಾದ ಕಡೆ ನಿಂತುಬಿಡಬಹುದು.

ಚಾಕು ಹಿಡಿದವನ ಎದುರು ಇವುಗಳಲ್ಲಿ ಯಾವುದನ್ನೂ ನಾನು ಶಿಫಾರಸು ಮಾಡುವುದಿಲ್ಲ. ಅಣ್ಣನ ಕೈಗೆ ಬಣ್ಣ ಹಚ್ಚಿದ ಕಡ್ಡಿ ಕೊಟ್ಟು ನೋಡಿದೆವು. ಯಾವ ವಿದ್ಯೆ ಬಳಸಿದರೂ ನನ್ನ ಚೂಡಿದಾರದ ಮೇಲೆ ಗೆರೆಗಳು ಬಿದ್ದವು. ಸರವನ್ನು ಕೊಡಿ, ಮೊಬೈಲ್ ಕೊಡಿ. ಇಬ್ಬರು ಒಟ್ಟಿಗೆ ಬಂದರೂ ಅಷ್ಟೆ: ಒಬ್ಬನನ್ನು ಕೆಡವಿ ಅವನ ಜೊತೆ ನೆಲಕ್ಕೆ ಹೋದರೆ ಇನ್ನೊಬ್ಬನ ಕಾಲ ಬಳಿ ಸಿಕ್ಕಿಬಿದ್ದಂತೆ. ಆಗ ಓಟ, ದನಿ ಎರಡೇ.

ಜೂಡೋದ ಬೀಳುವ ಪಾಠ ಉಕೆಮಿಯನ್ನು ಮಾತ್ರ ಹೊಡೆದಾಟವಿಲ್ಲದೆಯೇ ಬಳಸಿದೆ. ಆಷಾಢದ ಮಳೆಯಲ್ಲಿ ಪಾಚಿ ಕಟ್ಟಿದ ಕಲ್ಲು ಮೆಟ್ಟಿಲಿನ ಮೇಲೆ ಹಿಂದಕ್ಕೆ ಜಾರಿದೆ. ಯೋಚಿಸುವ ಮೊದಲೇ ಗಲ್ಲ ಎದೆಗೆ ಸೇರಿತ್ತು, ತೋಳು ನೆಲಕ್ಕೆ ಬಡಿದಿತ್ತು. ಮೊಣಕೈ ತರಚಿತು, ತಲೆ ತಾಗಲಿಲ್ಲ. ತಳ್ಳಿದಾಗ ಬೀಳುವುದೂ ಹೀಗೆಯೇ.

ನಮ್ಮ ಮನೆಯ ಹತ್ತಿರ ಜೂಡೋ ಇಲ್ಲದ್ದರಿಂದ ಮಗಳು ಟೇಕ್ವಾಂಡೋ ಮುಂದುವರಿಸಿದ್ದಾಳೆ. ರಜೆಯಲ್ಲಿ ತವರಿಗೆ ಹೋದಾಗ ಸೋದರಮಾವ ಕೈ ಹಿಡಿದು ಎಳೆಯುತ್ತಾನೆ, ಅವಳು ಕಿರುಚುತ್ತಾಳೆ, ಬಿಡಿಸಿಕೊಳ್ಳುತ್ತಾಳೆ. ನೀವು ತರಗತಿ ನೋಡಲು ಹೋದಾಗ ಬೆಲ್ಟ್ ಪರೀಕ್ಷೆಯ ಶುಲ್ಕಕ್ಕಿಂತ ಮೊದಲು ಇದನ್ನು ವಿಚಾರಿಸಿ: ವಾರದಲ್ಲಿ ಎಷ್ಟು ಹೊತ್ತು ಇಬ್ಬರು ಎದುರುಬದುರಾಗಿ, ಮೊದಲೇ ಹೇಳಿಕೊಡದೆ ಸೆಣಸುತ್ತಾರೆ? ತನಗಿಂತ ಭಾರದವರ ಜೊತೆ ಹುಡುಗಿಯರಿಗೆ ಅಭ್ಯಾಸ ಮಾಡಿಸುತ್ತಾರೆಯೇ? ನೆಲದ ಕಡೆಗೂ ನೋಡಿ. ದಪ್ಪನೆಯ ಮ್ಯಾಟ್ ಇಲ್ಲದ ಕಡೆ ಬೀಳುವುದನ್ನು ಕಲಿಸಲಾಗುವುದಿಲ್ಲ. ಅಂಥ ಕಡೆ ಎಸೆತ ಕಲಿಸುತ್ತೇವೆ ಎಂದರೆ ಮಕ್ಕಳನ್ನು ಸೇರಿಸಬೇಡಿ.