ಮುಳ್ಳಿಲಿ ಸದ್ದಿಲ್ಲದೆ ಮಲಗಿದೆ ಎಂದು ನೆಮ್ಮದಿಯಾಗಿರಬೇಡಿ

ಮುಳ್ಳಿಲಿ ಸಾಕುವ ಆಸೆಯಿರುವವರು ಕೊಳ್ಳುವ ಮೊದಲು ಇದನ್ನೊಮ್ಮೆ ಓದಿ. ಮುಳ್ಳುಹಂದಿಯಲ್ಲ, ಮುಳ್ಳಿಲಿ, ಇಂಗ್ಲಿಷಿನ ಹೆಜ್‌ಹಾಗ್. (ತಮಾಷೆ ನೋಡಿ, ಹೆಸರಲ್ಲಿ ಹಂದಿ ಇರುವುದು ಇಲಿಗಳ ಬಳಗಕ್ಕೆ ಸೇರಿದ್ದು, ಹೆಸರಲ್ಲಿ ಇಲಿ ಇರುವುದು ಇಲಿಯೇ ಅಲ್ಲ, ಸುಂಡಿಲಿಯ ನೆಂಟ.)

ಹೋದ ವರ್ಷ ಮಗಳ ಹಟಕ್ಕೆ ಬೆಂಗಳೂರಿನ ಅಂಗಡಿಯೊಂದರಿಂದ ಆಫ್ರಿಕನ್ ಪಿಗ್ಮಿ ಮುಳ್ಳಿಲಿ ತಂದೆವು. "ಹಾಲು, ಬ್ರೆಡ್ಡು ಹಾಕಿ ಸಾರ್, ಸಾಕು. ನಮ್ಮೂರ ಹವೆಗೆ ಹೇಳಿ ಮಾಡಿಸಿದ್ದು" ಅಂದ ಅಂಗಡಿಯವನು. ಎರಡೂ ಸುಳ್ಳು. ಹಾಲು ಅದಕ್ಕೆ ಅರಗುವುದಿಲ್ಲ. ಮೂರೇ ದಿನಕ್ಕೆ ಭೇದಿ. ಬೆಕ್ಕಿನ ಒಣ ಆಹಾರ, ಹುಳು ಕೊಡಲು ಶುರುಮಾಡಿದ ಮೇಲೆ ಸುಧಾರಿಸಿತು.

ಹವೆಯ ಸುಳ್ಳು ಬಯಲಾಗಿದ್ದು ಡಿಸೆಂಬರಿನಲ್ಲಿ. ಹಜಾರದಲ್ಲಿ ಪಂಜರ, ಹೊರಗೆ 16 ಡಿಗ್ರಿ. ರಾತ್ರಿಯಿಡೀ ಚಕ್ರದಲ್ಲಿ ಓಡಿ ನಮ್ಮ ನಿದ್ದೆ ಕೆಡಿಸುತ್ತಿದ್ದದ್ದು ಎರಡು ರಾತ್ರಿ ತೆಪ್ಪಗಿತ್ತು. ನನಗೆ ಖುಷಿಯಾಯಿತು, ಹೇಳಿಕೊಳ್ಳಲು ನಾಚಿಕೆ. ಮುಳ್ಳಿಲಿ ಚಳಿಗಾಲವಿಡೀ ಮಲಗುತ್ತದೆ ಎಂದು ಎಲ್ಲೋ ಓದಿದ್ದೆನಲ್ಲ! ಅದು ಯುರೋಪಿನ ಮುಳ್ಳಿಲಿಯ ಕತೆ. ಅದು ಮೊದಲೇ ತಿಂದು ಕೊಬ್ಬಿ, ಎಲೆಗಳ ಗೂಡು ಮಾಡಿಕೊಂಡು ಮಲಗುತ್ತದೆ. ನಮ್ಮದು ಅರ್ಧ ಕಿಲೋ ಕೂಡ ತೂಗದ ಆಫ್ರಿಕದ್ದು. ಅದಕ್ಕೆ 24ರಿಂದ 29 ಡಿಗ್ರಿ ಬೆಚ್ಚಗೆ ಬೇಕು. ಚಳಿ ಹಿಡಿದರೆ ಅದೂ ಮರಗಟ್ಟುತ್ತದೆ, ಆದರೆ ಏಳುವ ಖಾತ್ರಿಯಿಲ್ಲ.

ಮೂರನೆಯ ಬೆಳಿಗ್ಗೆ ಮುಟ್ಟಿದರೆ ಹೊಟ್ಟೆ ತಣ್ಣಗಿತ್ತು. ಅಂಗಿಯೊಳಗೆ ಎದೆಗೊತ್ತಿಕೊಂಡು ಕೂತೆ. ಗಂಟೆಯ ಮೇಲೆ ಕಣ್ಣುಬಿಟ್ಟಿತು, ಕುಡಿದವರ ಹಾಗೆ ತೂರಾಡಿತು. ಬಡಾವಣೆಯ ಇಬ್ಬರು ವೈದ್ಯರು ನಾಯಿ ಬೆಕ್ಕು ಮಾತ್ರ ನೋಡುವುದು ಎಂದರು. ಮೂರನೆಯವರು ಸಿಗುವಷ್ಟರಲ್ಲಿ ಸಂಜೆಯಾಗಿತ್ತು. ನ್ಯುಮೋನಿಯಾ. ಐದನೆಯ ದಿನ ಹೋಯಿತು. ಮಗಳಿಗೆ ಏನು ಹೇಳಿದೆ ಎಂಬುದು ಇಲ್ಲಿ ಬೇಡ.

ತರಲೇಬೇಕೆಂದಿದ್ದರೆ ಮೊದಲು ವೈದ್ಯರನ್ನು ಹುಡುಕಿ, ಆಮೇಲೆ ಅಂಗಡಿ. ಪಂಜರದೊಳಗೆ ಥರ್ಮಾಮೀಟರ್, ಥರ್ಮೋಸ್ಟಾಟ್ ಇರುವ ಹೀಟರ್ ಇಡಿ. ಸದ್ದು ನಿಂತ ದಿನ ಹೊಟ್ಟೆ ಮುಟ್ಟಿ ನೋಡಿ. ಎತ್ತಿಕೊಂಡ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳು ಮುತ್ತಿಡದಂತೆ ನೋಡಿಕೊಳ್ಳಿ. ಸಾಕಿದ ಮುಳ್ಳಿಲಿಗಳಿಂದ ಸಾಲ್ಮೊನೆಲ್ಲಾ (ಭೇದಿ, ಜ್ವರ ತರುವ ಬ್ಯಾಕ್ಟೀರಿಯಾ) ಹರಡಿದ್ದನ್ನು ಅಮೆರಿಕದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದಾರೆ.

ಮೊನ್ನೆ ಅದೇ ಅಂಗಡಿಯವನು ಫೋನ್ ಮಾಡಿದ್ದ. "ನಾಟಿದು ಸಿಗುತ್ತೆ ಸಾರ್, ತಮಿಳುನಾಡಿನ ಕಡೆದು." ಅವನು ಹೇಳುತ್ತಿದ್ದದ್ದು ಮದ್ರಾಸ್ ಮುಳ್ಳಿಲಿ, ದಕ್ಷಿಣ ಭಾರತದ ಒಣ ಬಯಲುಗಳಲ್ಲಷ್ಟೇ ಉಳಿದಿರುವ ಕಾಡುಪ್ರಾಣಿ. ಮಾತು ಮುಗಿಯುವ ಮೊದಲೇ ಫೋನ್ ಇಟ್ಟೆ.